ಬಾಲ ಕತ್ತರಿಸಿದ ಹಾಡು

"ಹಾಡಿನ ಬಾಲ ಕತ್ತರಿಸಬೇಡ ಮಗಾ," ಎಂದ ಮುದುಕ ಟೊಲಿಮಟ್. ಅಡಿಕೆ ಜಗಿದು ಕೆಂಪಾದ ಬಾಯಿಯನ್ನು ಮೈಕಿನಿಂದ ಹಿಂದಕ್ಕೆ ತೆಗೆದಿದ್ದ. "ಇದು ಮಲಿರ. ಹೆಣ್ಣನ್ನ ಕರೆಯೋ ಹಾಡು. ತಲೆ ಕಡೆ ಕರೀತೀವಿ, ಬಾಲದ ಕಡೆ ಕಳಿಸ್ತೀವಿ. ಕರೆದು ಕಳಿಸದೇ ಬಿಟ್ರೆ ಅವಳು ಬರ್ತಾನೇ ಇರ್ತಾಳೆ."

ಗಾಜಿನ ಈಚೆ ಕುಳಿತಿದ್ದ ಎಲಿಯಾಬ್ ನಕ್ಕುಬಿಟ್ಟ. "ಬರ್ಲಿ ಬಿಡಜ್ಜ, ಹೆಣ್ಣು ಬಂದ್ರೆ ಯಾರು ಬೇಡ ಅಂತಾರೆ? ರೇಡಿಯೊದೋರು ಮೂರು ನಿಮಿಷಕ್ಕಿಂತ ಜಾಸ್ತಿ ಕೊಡಲ್ಲ. ನಿನ್ನ ಬಾಲಕ್ಕೆ ಅಲ್ಲಿ ಜಾಗ ಇಲ್ಲ."

"ನಗಬೇಡ. ಬದುಕಿರೋರ ಹೆಸರೂ ಇದಕ್ಕೆ ಹಾಕ್ಬೇಡ. ನಾನು ಕರೆದಿರೋದು ನನ್ನ ಹೆಂಡ್ತೀನ. ಅವಳು ಮಣ್ಣು ಸೇರಿದ್ದಾಳೆ, ಅವಳಿಗೇನೂ ಆಗಲ್ಲ." ಮುದುಕ ಕಣ್ಣು ಮುಚ್ಚಿ ಕೊನೆಯ ಸಾಲನ್ನು ಇನ್ನೊಮ್ಮೆ ಹಾಡಿದ. 'ಹೋಗು ಹೆಣ್ಣೇ, ಹೋಗು. ನನ್ನ ದನಿ ಇನ್ನು ನಿನ್ನ ಕಿವಿಗೆ ಬೀಳದಿರಲಿ.'

ಚೆಂದದ ಸಾಲು. ಆದರೆ ಇಂಥ ಅಳುಬುರುಕ ಸಾಲಿಗೆ ಯಾವ ಹುಡುಗಿ ಕುಣಿಯುತ್ತಾಳೆ ಎಂದು ಎಲಿಯಾಬ್ ಆಗಲೇ ಲೆಕ್ಕ ಹಾಕಿ ಆಗಿತ್ತು.

ಅವನು ರಕ್ತದಲ್ಲಿ ಈ ತೀರದವನೇ, ಟೊಲಾಯಿ ಜನದವನು. ಬೆಳೆದದ್ದು ಮಾತ್ರ ದೂರದ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿ. ಅಲ್ಲಿ ಒಂದು ಕಾಲಕ್ಕೆ ಹಾಡು ಬರೆಯುವವನೂ ಅವನೇ, ರಾಗ ಕಟ್ಟುವವನೂ ಅವನೇ, ಕ್ಯಾಸೆಟ್ ಹೊರತರುವವನೂ ಅವನೇ. ಅವನ ಹಾಡುಗಳು ಮುಗಿಯುತ್ತಿರಲಿಲ್ಲ, ದೂರವಾಗುತ್ತಿದ್ದವು. ಕೊನೆಗೆ ಬಂದಾಗ ಅವನು ಧ್ವನಿಯ ಗುಂಡಿಯನ್ನು ಮೆಲ್ಲಗೆ ಇಳಿಸುತ್ತಿದ್ದ. ಹಾಡುಗಾರರು ಟ್ರಕ್ಕು ಹತ್ತಿ ಕಡಲ ದಾರಿ ಹಿಡಿದು ಹೋಗಿಬಿಟ್ಟರೇನೋ ಅನ್ನಿಸಬೇಕು, ಕೇಳುವವರು ಹಿಂದೆ ಓಡಬೇಕು. ಅದೇ ಅವನ ಗುಟ್ಟು, ಅದೇ ಅವನ ಜಂಬ. ಆಮೇಲೆ ಹೊಸ ಹುಡುಗರು ಬಂದರು. ಫೋನು ಸುಮ್ಮನಾಯಿತು. ಅಪ್ಪನ ಊರು ಕೊಕೊಪೊಗೆ ಬಂದು ಅಂಗಡಿಯೊಂದರ ಹಿಂದಿನ ಕೋಣೆಯ ಗೋಡೆಗಳಿಗೆ ಸದ್ದು ಹೊರಹೋಗದಂತೆ ಹಳೆಯ ಹಾಸಿಗೆಗಳನ್ನು ಹೊಡೆದು ಸ್ಟುಡಿಯೊ ಮಾಡಿಕೊಂಡ. ಹೆಂಡತಿ ಲೆವಿನಾ ಟೀಚರ್ ಕೆಲಸ ಬಿಟ್ಟು ಜೊತೆಗೆ ಬಂದಳು. "ಒಂದು ಹಾಡು ಗೆದ್ದರೆ ಸಾಕು, ವಾಪಸ್ ಹೋಗೋಣ," ಎಂದು ಅವನು ಅವಳಿಗೆ ಮಾತು ಕೊಟ್ಟಿದ್ದ.

ಮುದುಕ ಹೋದ ಮೇಲೆ ಬಾಲ ಕತ್ತರಿಸಿದ. ಹಾಡಿನಲ್ಲಿದ್ದ ಮುದುಕನ ಸತ್ತ ಹೆಂಡತಿಯ ಹೆಸರು ಇಯಾಕುಬಕ್ ನಾಲಿಗೆಗೆ ತೊಡರುತ್ತಿತ್ತು, ಅದನ್ನೂ ಅಳಿಸಿದ. ಲೆವಿನಾ ಎಂಬ ಹೆಸರು ಆ ಜಾಗಕ್ಕೆಂದೇ ಹುಟ್ಟಿದ ಹಾಗೆ ಕೂತಿತು. ಉಳಿದ ಹಾಡನ್ನು ಮುದುಕನ ದನಿಯಲ್ಲೇ ಬಿಟ್ಟು, ಪಲ್ಲವಿಯ ಆ ಹೆಸರನ್ನು ಮಾತ್ರ ತಾನೇ ಮೈಕಿನ ಮುಂದೆ ನಿಂತು ಪ್ರೀತಿಯಿಂದ ಕರೆದ: ಲೆವಿನಾ... ಲೆವಿನಾ... ಕೊನೆಗೆ ಗುಂಡಿ ಇಳಿಸಿದ. ಹಾಡು ದೂರ ಹೋಯಿತು.

ಮುಚ್ಚಿದ ಕೋಣೆಯಲ್ಲಿ ಹಸಿ ಶುಂಠಿಯ ವಾಸನೆ ಎದ್ದಿತು. ಮುದುಕ ಏನಾದರೂ ಬಿಟ್ಟುಹೋದನೇ ಎಂದು ಬಗ್ಗಿ ನೋಡುವಷ್ಟರಲ್ಲಿ ಬಾಗಿಲು ತೆರೆಯಿತು. ಲೆವಿನಾ ನಿಂತಿದ್ದಳು. ಬರಿಗಾಲು. ಅಂಗೈ ತುಂಬ ತೆಂಗಿನ ತುರಿ.

"ಕರೆದ್ಯಾ?"

"ಇಲ್ವಲ್ಲ."

"ಕರೆದೆ ಕಣೋ. ಕಿವೀಲೇ ಕರೆದ ಹಾಗಿತ್ತು."

ಮನೆ ಇದ್ದದ್ದು ಮಾರುಕಟ್ಟೆಯ ಆಚೆ. ಆ ಕೋಣೆಯಿಂದ ಒಂದು ಸದ್ದೂ ಹೊರಗೆ ಹೋಗುವಂತಿರಲಿಲ್ಲ. ಎಲಿಯಾಬ್ ಅದನ್ನೂ ನಕ್ಕು ಮರೆತ. ಗೆಲುವಿನ ಹಸಿವು ಅವನ ಕಣ್ಣಿಗೆ ಪೊರೆ ಕಟ್ಟಿತ್ತು, ಬೇರೇನು ಹೇಳಲಿ!

ಹಾಡು ಗೆದ್ದಿತು. ಎಂಥ ಗೆಲುವು! ತೀರದ ಟ್ರಕ್ಕುಗಳಲ್ಲೆಲ್ಲ ಅದೇ, ಅಡಿಕೆ ಮಾರುವವರ ರೇಡಿಯೊಗಳಲ್ಲಿ ಅದೇ. ಮೋರ್ಸ್‌ಬಿಯಿಂದ ಫೋನು ಬಂತು. ಅತ್ತ ಲೆವಿನಾ ನಡೆಯತೊಡಗಿದಳು. ಒಲೆಯ ಮೇಲೆ ಗೆಣಸು ಬೇಯುತ್ತಿದ್ದರೂ ಬಿಟ್ಟು ಎದ್ದು ಹೋಗುವಳು. ಹಾಡು ಎಲ್ಲಿ ನುಡಿಯುತ್ತಿದೆಯೋ ಅಲ್ಲಿ ಹೋಗಿ ನಿಲ್ಲುವಳು. ಅದು ದೂರವಾಗುತ್ತ ಅಡಗುತ್ತಿದ್ದಂತೆ, ಹೋದ ಸದ್ದಿನ ಹಿಂದೆ ಇನ್ನಷ್ಟು ನಡೆಯುವಳು. ಅಷ್ಟರಲ್ಲಿ ಇನ್ನೊಂದು ಅಂಗಡಿಯಲ್ಲಿ ಶುರು. ಕಾಲು ಒಡೆದು ರಕ್ತ ಸುರಿಯಿತು. ಊಟ ಬಿಟ್ಟಳು. ಕಟ್ಟಿಹಾಕಿದರೆ ಹಗ್ಗವನ್ನು ಕಚ್ಚಿದಳು. ಅವಳ ಕೂದಲಲ್ಲಿ, ಉಸಿರಲ್ಲಿ ಶುಂಠಿ ನಾರುತ್ತಿತ್ತು.

"ನನ್ನನ್ನ ಯಾಕೆ ಕರೀತೀಯ?" ಎಂದು ಅತ್ತಳು. "ಬಂದ್ರೆ ನೀನಲ್ಲಿ ಇರೋದೇ ಇಲ್ಲ."

ಆಗ ಅವನಿಗೆ ಭಯವಾಯಿತು. ಮುದುಕನ ಗುಡಿಸಲಿಗೆ ಓಡಿ ಅವನ ಕಾಲು ಹಿಡಿದ.

"ಕತ್ತರಿಸಿದ್ಯಾ?"

"ಕತ್ತರಿಸಿದೆ ಅಜ್ಜ. ಹೆಸರೂ ಬದಲಾಯಿಸಿದೆ. ಕರೆದಿದ್ದು ನಾನೇ."

ಮುದುಕ ಸುಣ್ಣದ ಡಬ್ಬಿಯನ್ನು ಕೆಳಗಿಟ್ಟ. "ಹಾಗಾದ್ರೆ ಕಳಿಸೋನೂ ನೀನೇ. ಹಾಡು ಕೇಳ್ತಿರುವಾಗ, ಅದು ಪೂರ್ತಿ ಅಡಗೋಕೆ ಮುಂಚೆ, ಅವಳ ಕಿವಿಗೆ ಬೀಳೋ ಹಾಗೆ ಬಾಲ ಹಾಡು. ಆದ್ರೆ ಆ ಸಾಲಲ್ಲಿ ಏನಿದೆ ಅನ್ನೋದು ನೆನಪಿದೆ ತಾನೇ? ನಾನು ಹರೆಯದಲ್ಲಿ ಪೂರ್ತಿ ಹಾಡಿದೋನು. ಇಯಾಕುಬಕ್ ನನ್ನ ಮನೇಲೇ ಬಾಳಿದಳು, ಮಕ್ಕಳನ್ನ ಹೆತ್ತಳು. ಸಾಯೋವರೆಗೂ ನನ್ನ ಒಂದು ಮಾತು ಅವಳಿಗೆ ಕೇಳ್ಲಿಲ್ಲ. ಸತ್ತ ಮೇಲಾದ್ರೂ ಕೇಳ್ಲಿ ಅಂತ ನಿನ್ನ ಮೈಕಿಗೆ ಬಂದೆ. ನೀನು ಅದನ್ನೂ ಅಳಿಸಿದೆ."

ಎಲಿಯಾಬ್ ಅವನ ಕಾಲು ಬಿಟ್ಟು ಎದ್ದ. ಬೇರೆ ದಾರಿ ಇದ್ದೇ ಇರಬೇಕು ಎಂದುಕೊಂಡು ಮನೆಗೆ ಬಂದ. ಅಲ್ಲಿ ಹಗ್ಗ ಹರಿದು ಬಿದ್ದಿತ್ತು.

ಅಂದು ತವುರ್ವುರ್ ಜ್ವಾಲಾಮುಖಿ ಬೆಟ್ಟ ಬೂದಿ ಉಗುಳುತ್ತಿತ್ತು. ಮಧ್ಯಾಹ್ನವೇ ಕತ್ತಲು. ಗಂಧಕದ ಘಾಟು ಗಂಟಲಿಗೆ ಇಳಿಯುತ್ತಿತ್ತು. ಕಡಲ ರಸ್ತೆಯಲ್ಲಿ ಟ್ರಕ್ಕೊಂದು ದೊಡ್ಡ ಸ್ಪೀಕರುಗಳಲ್ಲಿ ಹಾಡನ್ನು ಕೂಗಿಸುತ್ತ ರಬೌಲ್ ಪಟ್ಟಣದ ಕಡೆ ಹೊರಟಿತ್ತು. ಕ್ಯಾಸೆಟ್ ಮಾರಲೆಂದು ಅದನ್ನು ಗೊತ್ತು ಮಾಡಿದವನು ಎಲಿಯಾಬನೇ. ಅದರ ಹಿಂದೆ ಬೂದಿಯಲ್ಲಿ ಬರಿಗಾಲಿನ ಗುರುತುಗಳು.

"ನಿಲ್ಸೋ! ಟ್ರಕ್ ನಿಲ್ಸೋ!"

ಯಾರಿಗೆ ಕೇಳಬೇಕು? ಅವನ ಕೂಗನ್ನು ಅವನದೇ ಹಾಡು ನುಂಗಿತು. ಲೆವಿನಾ... ಲೆವಿನಾ... ಎದುರು ಬೂದಿಯ ಗೋಡೆ. ಅದರೊಳಗೆ ಅವಳ ಬೆನ್ನು. ರಸ್ತೆ ತಿರುಗಿತು, ಟ್ರಕ್ಕೂ ತಿರುಗಿತು. ಅವಳು ತಿರುಗಲಿಲ್ಲ. ಹಾಡು ಕೊನೆಗೆ ಬಂದಿತ್ತು. ಕಡಲ ಕಡೆಯಿಂದ ಬಂದ ಹಾಗೆ ಕೇಳುತ್ತಿತ್ತು. ಅವಳು ನೇರವಾಗಿ ನಡೆದಳು. ನೀರು. ಮೊಣಕಾಲು ಮುಳುಗಿತು. ಸೊಂಟ ಮುಳುಗಿತು.

ಅವನು ನೀರಿಗೆ ಬಿದ್ದ. ಅವಳ ತೋಳು ಹಿಡಿದ. ಅವಳು ಅವನನ್ನೂ ಎಳೆದಳು. ಹಾಡು ಸಣ್ಣಗಾಯಿತು. ಇನ್ನೂ ಸಣ್ಣಗೆ. ತಾನೇ ಇಳಿಸಿದ ಸದ್ದು. ಅವಳ ಗಲ್ಲ ನೀರು ಮುಟ್ಟಿತು. ಅವನು ಬಾಯಿ ತೆರೆದ. ಬೂದಿ ತುಂಬಿತು. ಉಗುಳಿದ. ಅವಳ ಕಿವಿಗೆ ತುಟಿ ಹಚ್ಚಿ ಹಾಡಿದ.

"ಹೋಗು ಹೆಣ್ಣೇ, ಹೋಗು..."

ಆಗದು. ಆಗಬೇಕು. ಆಚೆ ಹಾಡು ಎಳೆಯಷ್ಟೇ ಉಳಿದಿತ್ತು.

"ನನ್ನ ದನಿ ಇನ್ನು... ನಿನ್ನ ಕಿವಿಗೆ... ಬೀಳದಿರಲಿ."

ಅವಳ ಮೈ ಸಡಿಲವಾಯಿತು. ಶುಂಠಿಯ ವಾಸನೆ ಹೋಯಿತು.

ಲೆವಿನಾಳ ಕಾಲಿನ ಗಾಯಗಳು ಮಾಯ್ದವು. ಈಗ ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಪಕ್ಕದ ಮನೆಯವರು ಕರೆದರೆ ಓಗೊಡುತ್ತಾಳೆ. ಎಲಿಯಾಬ್ ಕರೆದರೆ ಮಾತ್ರ ತೆಂಗಿನಕಾಯಿ ತುರಿಯುತ್ತಲೇ ಇರುತ್ತಾಳೆ. ಅವನು ಎದುರಿಗೆ ಕುಳಿತು ಬಾಯಾಡಿಸಿದರೆ ಅವಳ ಕಣ್ಣು ತುಂಬುತ್ತದೆ. "ಸುಮ್ನೆ ತುಟಿ ಅಲ್ಲಾಡಿಸ್ಬೇಡ್ವೋ. ಬೈಯೋದಾದ್ರೂ ಬೈಯಿ," ಅನ್ನುತ್ತಾಳೆ.

ಒಂದು ಬೆಳಿಗ್ಗೆ ರೇಡಿಯೊದಲ್ಲಿ ಆ ಹಾಡು ಬಂತು. ಎಲಿಯಾಬ್ ಅದನ್ನು ನಿಲ್ಲಿಸಲು ಎದ್ದ. ಅವಳು ಬೇಡವೆಂದು ಕೈ ಅಡ್ಡ ಹಿಡಿದಳು. ಮುದುಕನ ದನಿಗೆ ತಲೆದೂಗುತ್ತ ಕೇಳಿದಳು. ಪಲ್ಲವಿ ಬಂದಾಗ ಹುಬ್ಬು ಗಂಟಿಕ್ಕಿತು.

"ಚೆನ್ನಾಗಿದೆ ಕಣೋ," ಎಂದಳು ಗಂಡನತ್ತ ತಿರುಗಿ. "ಆದ್ರೆ ಇಲ್ಲಿ ಯಾರನ್ನೋ ಕರೀಬೇಕಿತ್ತಲ್ವಾ? ಹೆಸರೇ ಇಲ್ಲ. ಜಾಗ ಖಾಲಿ ಬಿಟ್ಟಿದ್ದೀಯ."