ಎಂಟನೆಯ ಜೊತೆ

ಹತ್ತೊಂಬತ್ತು ವರ್ಷ ಕುಸಾಕಾಬೆ ಆ ಬಟ್ಟಲಿನ ಬಗ್ಗೆ ಮಾತಾಡಿದ್ದ. ಒಂದು ಸಲವೂ ಅದರಲ್ಲಿ ಕುಡಿದಿರಲಿಲ್ಲ.

ಜಪಾನಿನ ಕನಾಜಾವಾದ ಆ ಹಳೆಯ ವಸತಿಗೃಹದಲ್ಲಿ ಮಧ್ಯಾಹ್ನ ಮೂರಕ್ಕೆ ಚಹಾ. ಪ್ರವಾಸಿಗಳು ಹುಲ್ಲುಚಾಪೆಯ ಮೇಲೆ ಮಂಡಿ ನೋಯಿಸಿಕೊಂಡು ಸಾಲಾಗಿ ಕೂರುತ್ತಿದ್ದರು. ಯಜಮಾನಿ ತೊಕಿಕೊ, ಎಪ್ಪತ್ತನಾಲ್ಕರ ಹೆಂಗಸು, ಕರಿಯ ಮಣ್ಣಿನ ಬಟ್ಟಲಿನಲ್ಲಿ ಹಸಿರು ಚಹಾ ಕಡೆದು ಒಬ್ಬೊಬ್ಬರಿಗೇ ಕೊಡುತ್ತಿದ್ದಳು. ಬಟ್ಟಲಿಗೆ ಇನ್ನೂರೈವತ್ತು ವರ್ಷ. ಅದಕ್ಕೊಂದು ಹೆಸರೂ ಇತ್ತು, ಒಂಟಿ ಕಾಗೆ. ಬಾಯಿ ತಾಗದ ಬಟ್ಟಲು ಒಣಗಿ ಸಾಯುತ್ತದೆ ಎಂದು ತೊಕಿಕೊ ನಂಬಿದ್ದಳು. ಆದ್ದರಿಂದ ಅದು ಗಾಜಿನ ಪೆಟ್ಟಿಗೆ ಸೇರದೆ ಲೋಕದ ಎಲ್ಲ ಬಾಯಿಗಳನ್ನೂ ಸುತ್ತುತ್ತಿತ್ತು. ಹಲ್ಲಿನ ಡಾಕ್ಟರು, ಮನೆ ದಲ್ಲಾಳಿ, ಮದುವೆಯಾಗಿ ವಾರ ಕಳೆದ ಜೋಡಿ. ಬಹಳ ಮಂದಿ ಅದನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದರು. ಕೆಲವರು ಸಕ್ಕರೆ ಕೇಳುತ್ತಿದ್ದರು.

ಪ್ರವಾಸಿಗಳ ಗೈಡು ಕುಸಾಕಾಬೆ ಬಾಗಿಲ ಬಳಿ ಕೂತು ಆ ಸಕ್ಕರೆಯನ್ನು ಅನುವಾದ ಮಾಡುತ್ತಿದ್ದ. ಎಲ್ಲ ಮುಗಿದ ಮೇಲೆ ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಅವನಿಗೂ ಬಸ್ಸಿನ ಚಾಲಕನಿಗೂ ಪ್ಲಾಸ್ಟಿಕ್ ಲೋಟದಲ್ಲಿ ಬಾರ್ಲಿ ಚಹಾ.

“ಏನ್ ಗುರುಗಳೇ, ಇವತ್ತೂ ಕಾಗೆ ನಿಮ್ ಕಡೆ ಹಾರ್ಲಿಲ್ವಾ?” ಎಂದು ಚಾಲಕ ಹೊರಿಗುಚಿ ಪ್ರತಿ ಸಲವೂ ಕೇಳುತ್ತಿದ್ದ.

ನನಗೂ ಒಮ್ಮೆ ಕೊಡಿ ಎಂದು ಕುಸಾಕಾಬೆ ಬಾಯಿಬಿಟ್ಟು ಕೇಳಿದವನಲ್ಲ. ಕೇಳುವ ಮನುಷ್ಯ ಅದಕ್ಕೆ ತಕ್ಕವನಲ್ಲ ಎಂಬುದು ಅವನ ಎಣಿಕೆ. ಆಕೆಗೇ ಹೊಳೆಯಬೇಕು. ಆಕೆಗೆ ಹೊಳೆಯಲಿಲ್ಲ. ಹೋದ ಶರತ್ಕಾಲದಲ್ಲಿ ಒಬ್ಬಳು ಕುಡಿದಾದ ಮೇಲೆ ಬಟ್ಟಲಿನ ಅಂಚಿನಿಂದ ತುಟಿಯ ಬಣ್ಣವನ್ನು ಹೆಬ್ಬೆರಳಲ್ಲಿ ಉಜ್ಜಿ ತೆಗೆದಳು. ಅವತ್ತು ಕುಸಾಕಾಬೆ ತೀರ್ಮಾನ ಮಾಡಿದ.

ಚಳಿಗಾಲ ಪೂರ್ತಿ ಯೋಜನೆ ಹಾಕಿದ. ಮಾರುವ ಯೋಚನೆ ಅವನಿಗೆ ಇರಲೇ ಇಲ್ಲ. ಕಳ್ಳರು ಮಾರುತ್ತಾರೆ. ಕ್ಯೋಟೋದ ತನ್ನ ಚಿಕ್ಕ ಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಒಬ್ಬನೇ ಕೂತು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾನೆ, ಅಷ್ಟೆ. ತಪ್ಪು ಒಬ್ಬ ಪ್ರವಾಸಿಯ ಮೇಲೆ ಹೋಗುತ್ತದೆ. ತೊಕಿಕೊ ಪೊಲೀಸರನ್ನು ಕರೆಯುವುದಿಲ್ಲ. ಅತಿಥಿಯ ಚೀಲ ತೆರೆಸಿದ ಮನೆ ಎಂಬ ಹೆಸರು ಅವಳಿಗೆ ಬೇಡ. ಪ್ರವಾಸದ ಕಂಪನಿ ಒಂದು ಪೆಟ್ಟಿಗೆ ಸಿಹಿಯ ಜೊತೆ ಕ್ಷಮಾಪಣೆಯ ಪತ್ರ ಕಳಿಸುತ್ತದೆ. ಪ್ರವಾಸಿ ತನ್ನ ಊರಿಗೆ ಹೋಗುತ್ತಾನೆ, ತಾನು ಏನು ಕದ್ದೆ ಎಂಬುದು ಅವನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಯಾರ ಮನಸ್ಸೂ ನೋಯದ ಕಳ್ಳತನ. ಇದೂ ಒಂದು ಬಗೆಯ ಅತಿಥಿಸತ್ಕಾರವೇ ಎಂದು ಕುಸಾಕಾಬೆಗೆ ಅನ್ನಿಸಿತ್ತು.

ಯೋಜನೆ ಸಿದ್ಧವಿತ್ತು. ಮನುಷ್ಯ ಸಿಕ್ಕಬೇಕಿತ್ತು. ಏಪ್ರಿಲ್ ಗುಂಪಿನಲ್ಲಿ ಸಿಕ್ಕಿದ.

ಪ್ರವಾಸದ ಹೆಸರು ‘ನಿನ್ನೆಯ ಜಪಾನ್, ನಾಳೆಯ ಜಪಾನ್’. ಬೆಳಿಗ್ಗೆ ಗುಡಿಯ ಗಂಟೆ, ಊಟವಾದ ಮೇಲೆ ಬಿಯರ್ ಸುರಿದು ಕೊಡುವ ಯಂತ್ರ. ಇವತ್ತಿನ ಜಪಾನ್ ಪಟ್ಟಿಯಲ್ಲಿರಲಿಲ್ಲ. ಅದು ಬಸ್ಸಿನ ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತಿತ್ತು. ಹದಿನಾಲ್ಕು ಮಂದಿಯ ಗುಂಪಿನಲ್ಲಿ ಕ್ಲೈವ್ ಎಂಬವನೊಬ್ಬನಿದ್ದ. ಆಸ್ಟ್ರೇಲಿಯಾದ ಪರ್ತ್‌ನವನು, ನಿವೃತ್ತ ಕೊಳಾಯಿ ಕೆಲಸಗಾರ, ಬಾಗಿಲಿಗಿಂತ ಎತ್ತರ. ಮೂರನೆಯ ದಿನ ಟೋಕಿಯೋದ ಒಂದು ಊಟದ ಮನೆಯಲ್ಲಿ ಅವನು ಶೌಚಾಲಯದಿಂದ ನೇರವಾಗಿ ಚಾಪೆಯ ಮೇಲೆ ನಡೆದುಬಂದ. ಕಾಲಲ್ಲಿ ಶೌಚಾಲಯದೊಳಗೆ ಮಾತ್ರ ಮೆಟ್ಟುವ ಚಪ್ಪಲಿಯೇ ಇತ್ತು.

“ಕುಸಾಕಾಬೆ, ನೀನಿದನ್ನ ನೋಡ್ಬೇಕು ಮಾರಾಯ. ಹತ್ರ ಹೋದ್ರೆ ಮುಚ್ಚಳ ತಾನೇ ಏಳತ್ತೆ. ಮೂವತ್ತೆಂಟು ವರ್ಷ ಕೊಳಾಯಿ ಕೆಲಸ ಮಾಡಿದೀನಿ, ಯಾವ ಟಾಯ್ಲೆಟ್ಟೂ ನನ್ನ ನೋಡಿ ಎದ್ದು ನಿಂತಿರ್ಲಿಲ್ಲ.”

“ಕ್ಲೈವ್ ಸಾನ್, ಕಾಲಲ್ಲಿ ಏನಿದೆ ನೋಡ್ಕೊಳ್ಳಿ.”

ಕ್ಲೈವ್ ನೋಡಿಕೊಂಡ. “ಮತ್ತೆ ಇದೇ ಆಯ್ತಾ?”

“ಮೂರನೇ ಸಲ.”

“ತಪ್ಪಾಯ್ತಪ್ಪ. ಬೇಕಾದ್ರೆ ಆ ಯಂತ್ರಕ್ಕೆ ಹೇಳು, ನನ್ನ ಬೈಲಿ” ಎಂದು ಕ್ಲೈವ್ ನಿಂತಲ್ಲೇ ಚಪ್ಪಲಿಯಿಂದ ಕಾಲು ಕಿತ್ತುಕೊಂಡು ಊಟಕ್ಕೆ ಹೋದ. ಒಂದು ಚಪ್ಪಲಿ ಅಡುಗೆಮನೆ ನೋಡುತ್ತಿತ್ತು, ಇನ್ನೊಂದು ಮಗುಚಿ ಬಿದ್ದಿತ್ತು. ಕುಸಾಕಾಬೆ ಅವನ್ನು ಎತ್ತಿಕೊಂಡು ಹೋಗಿ ಜಾಗಕ್ಕೆ ಇಟ್ಟ. ಬರುವಾಗ ಅವನ ಮುಖದಲ್ಲಿ ನಗುವಿತ್ತು.

ಪಾದರಕ್ಷೆಯ ವಿಷಯದಲ್ಲಿ ಅವನಿಗೆ ಬೇರೆ ನೋವೂ ಇತ್ತು. ಪ್ರವಾಸಿಗಳು ಪ್ರತಿ ಹೊಸಿಲಲ್ಲೂ ಬೂಟು ಬಿಚ್ಚಿ, ಹೇಗೆ ಬಿತ್ತೋ ಹಾಗೆ ಬಿಟ್ಟು ಒಳಗೆ ನುಗ್ಗುತ್ತಿದ್ದರು. ಕುಸಾಕಾಬೆ ಹಿಂದೆ ಉಳಿದು, ಮಂಡಿಯೂರಿ, ಒಂದೊಂದು ಜೊತೆಯನ್ನೂ ತಿರುಗಿಸಿ, ತುದಿಯನ್ನು ಬಾಗಿಲ ಕಡೆ ಮಾಡಿ ಇಡುತ್ತಿದ್ದ. ಹಿಮ್ಮಡಿಗಳು ಒಂದೇ ಗೆರೆಯಲ್ಲಿ. ತಾಯಿ ಕಲಿಸಿದ್ದು. ಫೋನಿನಲ್ಲಿ ಮಾತಾಡುತ್ತಲೇ ಕೈ ಆ ಕೆಲಸ ಮುಗಿಸುತ್ತಿತ್ತು. ಪ್ರವಾಸಿಗಳು ಹಿಂತಿರುಗಿ ಬಂದಾಗ ಕಾಲು ತಾನಾಗಿ ಬೂಟಿನೊಳಗೆ ಇಳಿಯುತ್ತಿತ್ತು. ಇದು ಹೇಗಾಯಿತು ಎಂದು ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಮುಚ್ಚಳ ತಾನೇ ಏಳುವ ದೇಶದಲ್ಲಿ ಬೂಟೂ ತಾನೇ ತಿರುಗುತ್ತದೆ ಎಂದುಕೊಂಡಿರಬೇಕು.

ಅವನ ಯೋಜನೆಯ ತಿರುಳು ಸರಳ. ಜಪಾನಿನಲ್ಲಿ ಹುಟ್ಟಿದ ಯಾವನೂ ಮಾಡಲಾರದ ಅಸಹ್ಯವನ್ನು ಮಾಡಬೇಕು. ಆಮೇಲೆ ಯಾರೂ ಜಪಾನಿನವನನ್ನು ಹುಡುಕುವುದಿಲ್ಲ. ಶೌಚಾಲಯದ ಚಪ್ಪಲಿಯಲ್ಲಿ ಚಹಾಕೋಣೆಯ ಚಾಪೆ ತುಳಿಯಬೇಕು. ಚಪ್ಪಲಿಯನ್ನು ಅಲ್ಲೇ ಬಿಟ್ಟುಬರಬೇಕು.

ಅದಕ್ಕೆ ಅಭ್ಯಾಸ ಬೇಕಾಯಿತು. ಜನವರಿಯಲ್ಲಿ ಮನೆಯ ಬಾಗಿಲು ಹಾಕಿಕೊಂಡು ತನ್ನದೇ ಚಾಪೆಯ ಮೇಲೆ ಪ್ರಯತ್ನ ಮಾಡಿದ. ಮೊದಲ ದಿನ ಕಾಲು ಒಪ್ಪಲಿಲ್ಲ. ಎರಡನೆಯ ದಿನ ಒಂದು ಹೆಜ್ಜೆ ಇಟ್ಟು, ಹೋಗಿ ಕೈ ತೊಳೆದುಕೊಂಡ. ನಾಲ್ಕನೆಯ ದಿನ ಗೋಡೆಯವರೆಗೂ ನಡೆದ. ಆ ಸಂಜೆ ಚಾಪೆಯನ್ನು ಮೂರು ಸಲ ಒರೆಸಿದ. ಫೆಬ್ರವರಿಯ ಹೊತ್ತಿಗೆ ಅವನು ಅಪ್ಪಟ ವಿದೇಶಿಯಾಗಿದ್ದ. ಕ್ಲೈವ್ ಸಿಕ್ಕ ಮೇಲೆ ಅವನ ಹಾಗೆ ಎಡ ಹಿಮ್ಮಡಿಯನ್ನು ಎಳೆದು ನಡೆಯುವುದನ್ನೂ ಕಲಿತುಕೊಂಡ.

ಆರನೆಯ ದಿನ ಕನಾಜಾವಾ. ಮೂರು ಗಂಟೆಗೆ ಚಹಾ. ಕ್ಲೈವ್ ಬಟ್ಟಲನ್ನು ಬಿಯರ್ ಲೋಟ ಹಿಡಿದ ಹಾಗೆ ಹಿಡಿದ.

“ಇದಕ್ಕೆ ಬಿಸ್ಕತ್ತು ಅದ್ದಬಹುದಾ ಅಂತ ಕೇಳು.”

ಕುಸಾಕಾಬೆ ಅನುವಾದ ಮಾಡಿದ. ಒಂದು ಪದವನ್ನೂ ಬಿಡಲಿಲ್ಲ.

“ಅದ್ದಲಿ. ಕಾಗೆ ಅದಕ್ಕಿಂತ ಕೆಟ್ಟದ್ದೆಲ್ಲ ನೋಡಿದೆ” ಎಂದಳು ತೊಕಿಕೊ. ಕ್ಲೈವ್ ಅದ್ದಿದ. ತೊಕಿಕೊ ನಕ್ಕಳು. ಬಾಗಿಲ ಬಳಿ ಕುಸಾಕಾಬೆಗೆ ಉಳಿದಿದ್ದ ಒಂದಿಷ್ಟು ಅಳುಕೂ ಆಗ ಹೋಯಿತು.

ತೊಳೆದ ಬಟ್ಟಲು ಆರು ಗಂಟೆಯವರೆಗೆ ಗೋಡೆಯ ಮಾಡದಲ್ಲಿ ಆರುತ್ತದೆ. ಆರಕ್ಕೆ ತೊಕಿಕೊ ತಾನೇ ಬಂದು ಪೆಟ್ಟಿಗೆಗೆ ಹಾಕುತ್ತಾಳೆ. ಐದಕ್ಕೆ ಊಟದ ಹಾಲಿನಲ್ಲಿ ಕೆಲಸದವರನ್ನೆಲ್ಲ ನಿಲ್ಲಿಸಿಕೊಂಡು ರಾತ್ರಿಯ ಅಡುಗೆ ಹಂಚುವ ಕ್ರಮ ಹೇಳುತ್ತಾಳೆ. ಚಾಲಕ ಬಸ್ಸು ತೊಳೆಯುತ್ತಾನೆ. ಅತಿಥಿಗಳು ಬಿಸಿನೀರಿನ ಸ್ನಾನಕ್ಕೆ ಇಳಿಯುತ್ತಾರೆ. ಐದೂವರೆಗೆ ಹಿಂಬಾಗಿಲಿಗೆ ಸಾಮಾನಿನ ವ್ಯಾನು ಬಂದು ದೊಡ್ಡ ಪೆಟ್ಟಿಗೆಗಳನ್ನು ಮುಂಚಿತವಾಗಿ ಕ್ಯೋಟೋಕ್ಕೆ ಒಯ್ಯುತ್ತದೆ.

ಕ್ಲೈವ್ ಮಾತ್ರ ಸ್ನಾನಕ್ಕೆ ಬರಲೊಲ್ಲ. ಅದೂ ಗೊತ್ತಿದ್ದದ್ದೇ.

“ಆರು ಗಂಡಸರ ಮುಂದೆ ಬಟ್ಟೆ ಬಿಚ್ಚೋದಾ? ನನ್ನ ಹೆಂಡ್ತೀನೇ ನನ್ನ ಹಾಗೆ ನೋಡಿ ಎಷ್ಟು ಕಾಲ ಆಯ್ತೋ. ನಾನು ರೂಮಲ್ಲೇ ಇರ್ತೀನಿ. ಅಲ್ಲಿ ಟಾಯ್ಲೆಟ್ಟಲ್ಲಿ ಹನ್ನೊಂದು ಗುಂಡಿ ಇದೆ, ಎಲ್ಲಾ ಒತ್ತಿ ನೋಡೋದಿದೆ.”

ಹೀಗೆ ಕ್ಲೈವ್ ಒಬ್ಬಂಟಿಯಾಗಿ, ಸಾಕ್ಷಿಯಿಲ್ಲದೆ, ಚಹಾಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಉಳಿದ.

ಐದಕ್ಕೆ ಕುಸಾಕಾಬೆ ಉಳಿದ ಆರು ಗಂಡಸರನ್ನು ಸ್ನಾನದ ಮನೆಗೆ ಕರೆದೊಯ್ದ. ಮೊದಲು ಮೈ ತೊಳೆಯಿರಿ, ಆಮೇಲೆ ನೀರಿಗಿಳಿಯಿರಿ, ಪುಟ್ಟ ಟವೆಲನ್ನು ನೀರಿಗೆ ಅದ್ದಬೇಡಿ. ಬಾಗಿಲಲ್ಲಿ ಅತಿಥಿಗಳ ನೀಲಿ ಚಪ್ಪಲಿ ಆರು ಜೊತೆ. ಅವುಗಳ ಕೊನೆಗೆ ತನ್ನ ಕಂದು ಚಪ್ಪಲಿಯನ್ನು ಸೇರಿಸಿದ. ಒಳಗೆ ಯಾರಿದ್ದಾರೆ ಎಂದು ಈ ಮನೆಯಲ್ಲಿ ಯಾರೂ ಬಾಗಿಲು ತೆರೆದು ನೋಡುವುದಿಲ್ಲ, ಚಪ್ಪಲಿ ನೋಡುತ್ತಾರೆ. ಅವನ ಚಪ್ಪಲಿ ಅವನ ಪರವಾಗಿ ಅಲ್ಲಿ ನಿಂತಿತು. ಹಬೆಯೊಳಗೆ ಯಾರಿಗೆ ಯಾರೂ ಕಾಣುತ್ತಿರಲಿಲ್ಲ. ಅವನು ಬಾಯ್ಲರಿನ ಕಡೆಯ ಬಾಗಿಲಿಂದ ಬರಿಗಾಲಲ್ಲಿ ಹೊರಬಿದ್ದ.

ಕ್ಲೈವ್‌ನ ಕೋಣೆಯಾಚೆ, ಮೊಗಸಾಲೆಯ ತುದಿಯಲ್ಲಿ ಇನ್ನೊಂದು ಶೌಚಾಲಯ. ಅಲ್ಲಿಯ ಚಪ್ಪಲಿಯ ಅಡಿಭಾಗಕ್ಕೆ ನೀರು ಚಿಮುಕಿಸಿ ಮೆಟ್ಟಿದ. ಕೈಗೆ ತೆಳು ಬಟ್ಟೆಯ ಕೈಗವಸು. ಚಹಾಕೋಣೆಯ ಬಾಗಿಲು ಸರಿಸಿ, ಎಡ ಹಿಮ್ಮಡಿ ಎಳೆಯುತ್ತ, ಒದ್ದೆ ಹೆಜ್ಜೆ ಮೂಡಿಸುತ್ತ ಮಾಡದವರೆಗೆ ನಡೆದ. ಕಾಲು ಒಂದಿಷ್ಟೂ ಹಿಂಜರಿಯಲಿಲ್ಲ. ಅವನಿಗೆ ತನ್ನ ಬಗ್ಗೆ ಹೆಮ್ಮೆಯಾಯಿತು. ಅಲ್ಲಿ ಚಪ್ಪಲಿಯಿಂದ ಇಳಿದು, ಮಂಡಿಯೂರಿ, ಕಾಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅಂದುಕೊಂಡದ್ದಕ್ಕಿಂತ ಹಗುರವಿತ್ತು. ಎದ್ದು, ಒಮ್ಮೆ ಬಗ್ಗಿ, ಬರಿಗಾಲಲ್ಲಿ ಹೊರಬಂದ. ಚಪ್ಪಲಿ ಅಲ್ಲೇ ಉಳಿಯಿತು.

ಬಟ್ಟಲು ಮೂರು ಬನಿಯನ್ನುಗಳ ನಡುವೆ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಕೂತಿತು. ಮೇಲೆ ಕ್ಯೋಟೋದ ಅವನ ಮನೆಯ ವಿಳಾಸ. ಪೆಟ್ಟಿಗೆ ಹಿಂಬಾಗಿಲ ಸಾಲು ಸೇರಿತು. ಐದು ಗಂಟೆ ಒಂಬತ್ತು ನಿಮಿಷಕ್ಕೆ ಅವನು ಮತ್ತೆ ಹಬೆಯಲ್ಲಿ ನಿಂತು ಕೂಗಿದ.

“ನೀರು ಹೇಗಿದೆ?”

“ಸ್ವರ್ಗ!” ಎಂದಿತು ಒಂದು ದನಿ. ಅವನು ಅಲ್ಲೇ ಇದ್ದ ಎಂದು ಆರೂ ಮಂದಿ ಆಣೆ ಮಾಡಿ ಹೇಳುತ್ತಾರೆ. ಐದೂವರೆಗೆ ವ್ಯಾನು ಬಂತು, ಹೋಯಿತು.

ಆರೂಕಾಲಕ್ಕೆ ಕರೆ ಬಂತು. ತೊಕಿಕೊ ಚಹಾಕೋಣೆಯ ಹೊರಗೆ, ಮೊಗಸಾಲೆಯಲ್ಲಿ ಮಂಡಿಯೂರಿ ಕೂತಿದ್ದಳು. ಬಾಗಿಲು ಮುಚ್ಚಿತ್ತು.

“ಕೂತ್ಕೊಳ್ಳಿ ಕುಸಾಕಾಬೆ ಸಾನ್. ಕಾಗೆ ಇಲ್ಲ.”

ಅವನು ಅಭ್ಯಾಸ ಮಾಡಿಕೊಂಡಿದ್ದಷ್ಟೇ ಹೊತ್ತು ಉಸಿರು ಹಿಡಿದ. “ಅಮ್ಮಾವ್ರೇ...”

“ಚಾಪೆ ಮೇಲೆ ಒದ್ದೆ ಹೆಜ್ಜೆ ಇದೆ. ಟಾಯ್ಲೆಟ್ ಚಪ್ಪಲೀದು. ಚಪ್ಪಲೀನೂ ಒಳಗೇ ಬಿಟ್ಟು ಹೋಗಿದಾರೆ.”

ಅವನು ಹಣೆ ನೆಲಕ್ಕೆ ಮುಟ್ಟಿಸಿದ. “ನಮ್ಮ ಗುಂಪಿನೋರು ಮಾಡಿದ್ರೆ ಅದು ನಾನೇ ಮಾಡಿದ ಹಾಗೆ. ಹೇಗೆ ಕ್ಷಮೆ ಕೇಳ್ಲಿ ಗೊತ್ತಾಗ್ತಿಲ್ಲ.” ಹೆಸರನ್ನು ಅವನು ಹೇಳಲಿಲ್ಲ. ಅದು ಆಕೆಯ ಬಾಯಿಂದಲೇ ಬರಬೇಕು.

“ಬಿಸ್ಕತ್ತು ಅದ್ದಿದ್ರಲ್ಲ, ಅವರಾ?”

“ಕೆಟ್ಟ ಮನುಷ್ಯ ಅಲ್ಲ ಅಮ್ಮಾವ್ರೇ. ಏನೋ ನೆನಪಿಗೆ ಇರ್ಲಿ ಅಂತ ಎತ್ಕೊಂಡಿರ್ಬೇಕು. ಅದರ ಬೆಲೆ ಅವರಿಗೇನು ಗೊತ್ತು.”

“ಚಪ್ಪಲಿ ವಿಷಯಾನೂ ಗೊತ್ತಿಲ್ವಾ?”

“ಆರು ದಿನದಿಂದ ಹೇಳ್ತಾನೇ ಇದೀನಿ. ಬಿಟ್ಟಲ್ಲಿ ಬಿಡ್ತಾರೆ, ಒಂದು ಆ ಕಡೆ, ಒಂದು ಈ ಕಡೆ. ಒಂದೇ ಒಂದು ಸಲ ತಿರುಗಿಸಿಟ್ಟಿದ್ದು ನಾನು ಕಂಡಿಲ್ಲ. ಬೇಕಾದ್ರೆ ಡ್ರೈವರ್‌ನ ಕೇಳಿ.”

“ಯಾಕೆ ಕೇಳ್ಲಿ? ನಿಮ್ಮ ಮಾತು ಸಾಕು.” ತೊಕಿಕೊ ಉಡುಪಿನ ತೋಳಿನ ಸುಕ್ಕು ಸರಿಮಾಡಿಕೊಂಡಳು. “ಐದು ಗಂಟೆಗೆ ನಮ್ಮೋರೆಲ್ಲ ನನ್ನ ಕಣ್ಮುಂದೇನೇ ಇದ್ರು. ನೀವು ಸ್ನಾನದ ಮನೇಲಿದ್ರಿ. ಆ ಕಡೆ ಹೋದಾಗ ಬಾಗಿಲಲ್ಲಿ ನಿಮ್ಮ ಚಪ್ಪಲಿ ನೋಡ್ದೆ. ಏಳು ಜೊತೆ. ಎಷ್ಟು ಚೆಂದ ಇಟ್ಟಿದ್ರಿ.”

“ಅದೇನು ದೊಡ್ಡ ವಿಷಯ ಅಮ್ಮಾವ್ರೇ.”

“ಹಾಗನ್ಬೇಡಿ. ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ. ಎಷ್ಟೋ ಗೈಡುಗಳು ಬಂದು ಹೋದ್ರು, ಚಪ್ಪಲಿ ಹಾಗೆ ಇಡೋರು ನಿಮ್ಮನ್ನ ಬಿಟ್ರೆ ಇನ್ನೊಬ್ರನ್ನ ನಾನು ಕಾಣ್ಲಿಲ್ಲ. ಹೇಳ್ಬೇಕು ಹೇಳ್ಬೇಕು ಅಂದ್ಕೊಳ್ತಾನೇ ಇದ್ದೆ.”

ಇದಕ್ಕೆ ಕುಸಾಕಾಬೆ ಅಭ್ಯಾಸ ಮಾಡಿಕೊಂಡಿರಲಿಲ್ಲ. ಒಬ್ಬರು ನೋಡಿದ್ದರು. ಇಷ್ಟು ವರ್ಷವೂ ನೋಡುತ್ತಲೇ ಇದ್ದರು. ಅವನು ಮತ್ತೆ ತಲೆ ಬಾಗಿಸಿದ, ಈ ಸಲ ನಿಜವಾಗಿ.

ತೊಕಿಕೊ ಎರಡೂ ಕೈಯಿಂದ ಬಾಗಿಲನ್ನು ಪೂರ್ತಿ ಸರಿಸಿದಳು. ಒದ್ದೆ ಹೆಜ್ಜೆಗಳು ಎಡ ಹಿಮ್ಮಡಿ ಎಳೆಯುತ್ತ, ಯಾವ ಮರ್ಯಾದೆಯೂ ಇಲ್ಲದೆ, ಚಾಪೆಯುದ್ದಕ್ಕೂ ಮಾಡದವರೆಗೆ ಹೋಗಿದ್ದವು. ಅವು ಮುಗಿದಲ್ಲಿ ಶೌಚಾಲಯದ ಚಪ್ಪಲಿ ಇತ್ತು. ಎರಡೂ ಒಂದಕ್ಕೊಂದು ತಾಗಿಕೊಂಡು, ಹಿಮ್ಮಡಿಗಳು ಒಂದೇ ಗೆರೆಯಲ್ಲಿ, ತುದಿ ಬಾಗಿಲ ಕಡೆಗೆ. “ಇದು ಎಂಟನೆಯ ಜೊತೆ” ಎಂದಳು ತೊಕಿಕೊ.