ಜಗಲಿಯ ಮೇಲಿನ ಬಸರಿ

ಹುಡುಗಿ ನೋಡಲು ಬಂದ ರಾಜಶೇಖರ್, ಕಾಫಿ ಬರುವಷ್ಟರಲ್ಲಿ ಹುಡುಗಿಯ ಗಿಡ ಕತ್ತರಿಸಿ ಕೂತಿದ್ದ.

ಹೆತ್ತೂರಿನ ಕಾಫಿ ಬೆಳೆಗಾರ. ಹೆಣ್ಣು ನೋಡಲು ಹೊರಟಾಗಲೂ ಕತ್ತರಿಯನ್ನು ಜೇಬಲ್ಲಿಟ್ಟುಕೊಂಡು ಬರುವವನಿಗೆ ಏನು ಹೇಳೋದು! ಜಗಲಿಯ ಕುಂಡದಲ್ಲಿ ಮೊಳಕಾಲೆತ್ತರದ ಬಸರಿ ಮರ ಕಂಡಿತು. ಬುಡದಿಂದ ಒಂದು ಚಿಗುರು ಉದ್ದಕ್ಕೆ ಓಡಿತ್ತು. ಕೈ ಅಭ್ಯಾಸ, ಚಕ್ಕನೆ ಕತ್ತರಿಸಿಬಿಟ್ಟ.

ದ್ರಾಕ್ಷಾಯಣಿ ತಲೆ ತಗ್ಗಿಸಿಕೊಂಡು ಕಾಫಿ ತಂದಳು. ಕೊಯ್ದ ಜಾಗದಿಂದ ಹಾಲು ಸುರಿಯುವುದು ಕಂಡದ್ದೇ ತಡ, ನಾಚಿಕೆಯೆಲ್ಲ ಎಲ್ಲಿ ಹೋಯಿತೋ!

"ಯಾರ್ರೀ ಕತ್ತರಿಸಿದ್ದು?"

"ನಾನೇ ಕಣ್ರೀ. ಸುಮ್ನೆ ಸಾರ ಎಳೀತಿತ್ತು, ಅದಕ್ಕೇ..."

"ಕಾಫಿ ಗಿಡ ಅನ್ಕೊಂಡ್ರಾ? ಬುಡ ದಪ್ಪ ಆಗ್ಲಿ ಅಂತ ಎರಡು ವರ್ಷದಿಂದ ಆ ಚಿಗುರು ಬೆಳೆಸಿದ್ದೆ!"

ಅವನ ಕಿವಿ ಕೆಂಪಾಯಿತು. "ವಾಪಸ್ ಅಂಟ್ಸೋಕ್ಕಾಗಲ್ವಾ?"

ಇಂಥ ಪೆದ್ದು ಮಾತಿಗೆ ನಗು ಬಂತು. ಸಿಟ್ಟಿನಲ್ಲಿದ್ದವಳು ನಗಬಾರದೆಂದು ಅವಳು ತುಟಿ ಕಚ್ಚಿದಳು.

ಹಾಸನದ ಫಲಪುಷ್ಪ ಪ್ರದರ್ಶನದಲ್ಲಿ ಬೋನ್ಸಾಯ್ ಕಂಡಾಗಿನಿಂದ ಅವಳಿಗೆ ಅದೇ ಹುಚ್ಚು. ತಮ್ಮೂರು ಬೆಳಗೋಡಿನ ಹಳೇ ಗೋಡೆಗಳಲ್ಲಿ ಹಕ್ಕಿ ಬಿತ್ತಿದ ಬಸರಿ, ಗೋಣಿ, ಅತ್ತಿ ಸಸಿಗಳನ್ನು ಕಿತ್ತು ತಂದು, ತಂತಿ ಸುತ್ತಿ, ಬಾಗಿಸಿ, ಹನ್ನೆರಡು ಕುಂಡ ಮಾಡಿದ್ದಳು. "ಕುಳ್ಳು ಮರ ಇರೋ ಮನೆ ಏಳಿಗೆ ಆಗಲ್ಲ" ಎಂದು ಎರಡು ಸಂಬಂಧ ಮುರಿದಿದ್ದವು. ಈ ಸಲ ಅಮ್ಮ ಹನ್ನೊಂದನ್ನು ಸ್ಟೋರಿನಲ್ಲಿ ಗೋಣಿಚೀಲದ ಹಿಂದೆ ಬಚ್ಚಿಟ್ಟಿದ್ದಳು. ಇದೊಂದನ್ನು ದ್ರಾಕ್ಷಾಯಣಿ ಹಟ ಹಿಡಿದು ಜಗಲಿಯಲ್ಲೇ ಉಳಿಸಿಕೊಂಡಿದ್ದಳು. ಗಿಡ ಬಿಟ್ಟು ಗಂಡನ ಮನೆಗೆ ಹೋಗುವುದಿಲ್ಲ, ಬರುವವರಿಗೆ ಮೊದಲೇ ತಿಳಿಯಲಿ.

ತಿಳಿಯಿತು. ಹುಡುಗನ ತಾಯಿ ಕಮಲಮ್ಮ ಕುಂಡ ನೋಡಿ ಮುಖ ಗಂಟಿಕ್ಕಿ, ಬೋಂಡ ಮುಟ್ಟದೆ ಎದ್ದರು. ರಾಜಶೇಖರ್ ಮಾತ್ರ ಕತ್ತರಿಸಿದ ಚಿಗುರನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿಕೊಂಡ. ಗೇಟಿನಲ್ಲಿ ಒಮ್ಮೆ ತಿರುಗಿ ನೋಡಿದ. ಆ ನೋಟ ಅವಳನ್ನು ಎರಡು ತಿಂಗಳು ಕಾಡಿತು. ಸಿಟ್ಟಿದ್ದರೆ ನೆನಪಾಗುವುದೇಕೆ ಎಂದು ತನ್ನನ್ನೇ ಬೈದುಕೊಂಡಳು.

ಜುಲೈನಲ್ಲಿ ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ತಾಯಿ ಮಗ ಮತ್ತೆ ಬಂದರು. ಕಮಲಮ್ಮನ ಮಡಿಲಲ್ಲಿ ಕಾಫಿ ನರ್ಸರಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಅದೇ ಚಿಗುರು, ಬೇರು ಬಿಟ್ಟು ಆರು ಎಲೆ ಹೊಡೆದಿತ್ತು.

"ನೋಡವ್ವ, ಇವ್ನು ಹೆಸ್ರೂ ಹೇಳ್ದೆ ಬಚ್ಚಲ ಹತ್ರ ಇಟ್ಬುಟ್ಟ. ನಾನೇ ದಿನಾ ನೀರು ಹಾಕ್ದೆ. ನಿಮ್ಮ ಗಿಡದ್ದು ಅಂತ ನೆನ್ನೆ ಬಾಯಿ ಬಿಡ್ತಾನೆ, ಕಳ್ಳ! ಕೈಯಾರೆ ಸಾಕಿದ್ನ ಎಸೆಯಕ್ಕಾಯ್ತದಾ? ಕುಳ್ಳು ಮಾಡ್ಬೇಕೋ, ಎತ್ತರ ಬಿಡ್ಬೇಕೋ, ನೀನೇ ಬಂದು ಹೇಳು."

ಹಾಗೆಂದು ಬೋಂಡ ಕೇಳಿಕೊಂಡು ಅಡಿಗೆಮನೆಗೇ ಹೋದರು.

ಜಗಲಿಯಲ್ಲಿ ಇಬ್ಬರೇ ಉಳಿದರು.

"ಇದೊಂದೇ ಅಲ್ಲ," ಎಂದಳು ದ್ರಾಕ್ಷಾಯಣಿ. "ಹಿತ್ತಲಲ್ಲಿ ಇನ್ನೂ ಹನ್ನೊಂದು ಇವೆ."

"ನಮ್ಮ ಜಗಲಿ ಅಳೆದು ಬಂದಿದೀನಿ. ಇಪ್ಪತ್ತು ಹಿಡೀತಾವೆ."

ಅವಳು ಬಸರಿಯ ಕೊಯ್ದ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು, "ನನ್ನ ಗಿಡ ಹಾಳು ಮಾಡಿದ್ದಕ್ಕೆ ಬೇಜಾರಾದ್ರೂ ಆಯ್ತಾ?"

"ಇಲ್ಲ ಕಣ್ರೀ. ಕತ್ತರಿಸ್ದೇ ಇದ್ದಿದ್ರೆ ನೀವು ತಲೆ ಎತ್ತಿ ನನ್ನ ನೋಡ್ತಾನೇ ಇರ್ಲಿಲ್ಲ. ಆವತ್ತಿನ ಆ ಕಣ್ಣು ನೋಡಿದ್ಮೇಲೆ ಬೇರೆ ಯಾರನ್ನೂ ನೋಡೋಕೆ ಹೋಗ್ಲಿಲ್ಲ ನಾನು."

ಅವಳು ಅವನನ್ನೇ ನೋಡುತ್ತಾ ಅಂಗೈ ಚಾಚಿದಳು. ಅವನು ತನ್ನ ಕೈಯನ್ನು ಅದರಲ್ಲಿಟ್ಟ.

"ಅಲ್ಲ ಮಾರಾಯ್ರೆ, ಕತ್ತರಿ!"

ಅವನು ಪೆಚ್ಚಾಗಿ ಜೇಬಿನಿಂದ ಕತ್ತರಿ ತೆಗೆದುಕೊಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದೆ ಸರಿಯುತ್ತಿದ್ದ ಅವನ ಕೈಯನ್ನು ಮತ್ತೆ ಹಿಡಿದುಕೊಂಡಳು.

"ಇದೂ ಇರ್ಲಿ," ಎಂದಳು.