ಹದಿನೇಳು ಮನೆಗಳ ಓಣಿ

ಊರು ಹೇಗೆ ಬದಲಾಯಿತೆಂದು ಹಳೆಯ ನಕ್ಷೆಗಳಲ್ಲಿ ನೋಡಬೇಕು ಎಂದು ಅವಳು ಅರ್ಜಿಯಲ್ಲಿ ಬರೆದಿದ್ದಳು. ಸುಳ್ಳೇನಲ್ಲ. ಆದರೆ ರೆಕಾರ್ಡ್ ರೂಮಿಗೆ ನಿಜವಾಗಿ ಬಂದದ್ದು ಸತ್ತುಹೋದ ಒಬ್ಬ ಸರ್ವೇಯರನ ಮಾನ ಕಳೆಯುವುದಕ್ಕೆ!

ಹಳೆಯ ನಕ್ಷೆಯಲ್ಲಿ ಗಡಿಯಾರದ ಗೋಪುರದ ಹಿಂದೆ ಒಂದು ಓಣಿ, ಹದಿನೇಳು ಮನೆ. ಮೂರನೆಯದು ಅವಳ ಅಜ್ಜಿಯದು. ಆ ಸರ್ವೇಯರ ಬರೆದ ಮುಂದಿನ ನಕ್ಷೆಯಲ್ಲಿ ಅದೇ ಜಾಗ 'ಖಾಲಿ'. ಆ ಒಂದು ಪದ ನಂಬಿ ಮನೆಗಳನ್ನು ಕೆಡವಿ ಬಸ್ ನಿಲ್ದಾಣ ಕಟ್ಟಿದರು. ಅಜ್ಜಿ ಸಾಯುವವರೆಗೂ ಹೊಲಿಗೆ ಯಂತ್ರ ಹೊತ್ತು ಬಾಡಿಗೆ ಮನೆ ಸುತ್ತಿದಳು. ನೆನೆದರೆ ಮೊಮ್ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತು.

ನಕ್ಷೆ ತೆಗೆದುಕೊಡುವ ರೆಕಾರ್ಡ್ ಕೀಪರ್ ಆ ಸರ್ವೇಯರನ ಮೊಮ್ಮಗನೇ. ಅದು ಗೊತ್ತಿದ್ದೇ ಅವಳು ಮೊದಲ ದಿನ ನಕ್ಕಿದ್ದಳು. ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿ, ಒಂದು ನಕ್ಷೆಯ ಮೇಲೆ ಇನ್ನೊಂದರ ಟ್ರೇಸಿಂಗ್ ಹಾಳೆ ಕೂರಿಸುವಾಗ ಅವನ ಕಣ್ಣು ಹಾಳೆಯ ಮೇಲಿರುತ್ತಿರಲಿಲ್ಲ.

"ಗೋಪುರದ ಮೇಲೆ ಗೋಪುರ ಕೂರ್ತಿಲ್ಲ. ಸ್ವಲ್ಪ ಎಡಕ್ಕೆ ಎಳೀರಿ."

"ನೀವು ಹೀಗೆ ನೋಡ್ತಿದ್ರೆ ಎಡ ಯಾವುದು, ಬಲ ಯಾವುದು ಅಂತಾನೇ ಮರೆತೋಗುತ್ತೆ ಮೇಡಂ."

ಕಳ್ಳ! ಎಂದುಕೊಂಡಳು. ನಗು ಮಾತ್ರ ತಡೆಯಲಾಗಲಿಲ್ಲ.

ಆ ನಕ್ಷೆಗಳನ್ನಿಟ್ಟು ಅವಳು ಊರವರಿಗಾಗಿ ಒಂದು ಪ್ರದರ್ಶನ ಸಿದ್ಧಪಡಿಸುತ್ತಿದ್ದಳು. ಶನಿವಾರ ಅವನು ಅದರ ಬೋರ್ಡ್ ನೋಡಿಬಿಟ್ಟ. ತಾತನ ಹೆಸರು ದಪ್ಪಕ್ಷರದಲ್ಲಿತ್ತು. ಅವನ ಮುಖ ಪೆಚ್ಚಾಯಿತು.

"ಇದಕ್ಕೇನಾ ಇಷ್ಟು ದಿನ ನಕ್ಕಿದ್ದು?"

"ಹೌದು. ನಿಮ್ಮ ತಾತ ತಪ್ಪು ಅಳೆದ್ರು ಅಂತ ಊರಿಗೆಲ್ಲ ಗೊತ್ತಾಗ್ಲಿ."

ಅವನು ಒಳಗೆ ಹೋಗಿ ಒಂದು ಹರಕು ಪುಸ್ತಕ ತಂದಿಟ್ಟ. ಸರ್ವೇಯರ ಸ್ಥಳದಲ್ಲೇ ನಿಂತು ಅಳತೆ ಗೀಚಿಕೊಂಡಿದ್ದ ಪುಸ್ತಕ. ಪೆನ್ಸಿಲ್ಲಿನಲ್ಲಿ ಓಣಿಯಿತ್ತು, ಹದಿನೇಳು ಮನೆಯೂ ಇತ್ತು. ಮೂರನೆಯದರ ಪಕ್ಕ 'ಹೊಲಿಗೆಯವಳು' ಎಂದು ಬರೆದಿತ್ತು.

"ಸರಿಯಾಗೇ ಅಳೆದಿದ್ರು. ನಕ್ಷೆ ಬರೆಯುವಾಗ ಬೇಕಂತಲೇ ಬಿಟ್ರು. ಇದನ್ನೂ ಹಾಕಿ."

"ನಿಮ್ಮಪ್ಪ ಸುಮ್ನಿರ್ತಾರಾ?"

"ಸೋಮವಾರ ಉದ್ಘಾಟನೆಗೆ ಬರ್ತಾರೆ. ನೋಡ್ಲಿ."

ಸೋಮವಾರ ಅವನ ಅಪ್ಪ ಊರವರ ನಡುವೆ ನಿಂತು ಆ ಪುಟ ಓದಿದರು. ಮಗನನ್ನು ದುರುಗುಟ್ಟಿ ನೋಡಿ ಬಾಗಿಲತ್ತ ನಡೆದರು. ಅವಳಿಗೆ ಅಯ್ಯೋ ಎನಿಸಲಿಲ್ಲ, ಹಾಯೆನಿಸಿತು.

"ನಿಮ್ಮ ತಾತನ್ನ ನಾನು ಕ್ಷಮಿಸಲ್ಲ," ಎಂದಳು.

"ಕ್ಷಮಿಸಿ ಅಂತ ನಾನೂ ಕೇಳಿಲ್ಲವಲ್ಲ."

"ನಿಮ್ಮ ಮೇಲೂ ಕೋಪ ಇದೆ."

"ನಾನೇನ್ರೀ ಮಾಡ್ದೆ?"

"ಸೇಡು ತೀರಿಸ್ಕೊಳ್ಳೋಕೆ ಬಂದವಳಿಗೆ ಇಷ್ಟ ಆಗ್ಬಿಟ್ರಲ್ಲ!"

ಹಾಗೆಂದು ಎಲ್ಲರೆದುರಿಗೇ ಅವನ ಕೈ ಹಿಡಿದಳು. ಬಾಗಿಲಲ್ಲಿ ಅವನ ಅಪ್ಪ ತಿರುಗಿ ನೋಡಿದರು. ಕಣ್ತುಂಬ ನೋಡಲಿ ಎಂದು, ಅವಳು ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.